ಜ್ವರದಲ್ಲಿ ಏರಿದ ಸಕ್ಕರೆ: ಹುಮನಾಬಾದಿನವರ ಪ್ರಶ್ನೆಗೆ

ವೈರಲ್ ಜ್ವರ, ಕೆಮ್ಮಿನ ನಡುವೆ ತಾಯಿಯವರ ಸಕ್ಕರೆ 290 ಮುಟ್ಟಿದೆ, ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಇಳಿದಿದೆ, ಸಿಆರ್‌ಪಿ (ಉರಿಯೂತವನ್ನು ತೋರಿಸುವ ರಕ್ತದ ಅಂಶ) ಏರಿದೆ; ಮಧುಮೇಹ ಕೈಮೀರಿತೇ ಎಂದು ಕೇಳಿದ್ದೀರಿ. ಈ ಒಂದು ವರದಿಯಿಂದ ಹಾಗೆ ಹೇಳಲಾಗದು. ಸೋಂಕಿನ ಹೊತ್ತಿನಲ್ಲಿ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೆಚ್ಚಿ, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ; ಇನ್ಸುಲಿನ್ ಮಾತು ಎಂದಿನಷ್ಟು ನಡೆಯುವುದಿಲ್ಲ. ಉಳಿದೆರಡು ಬದಲಾವಣೆಗಳು ಸೋಂಕಿನಲ್ಲಿ ಸಾಮಾನ್ಯ. ಹಳೆಯ ಲೆಕ್ಕಕ್ಕೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ನೋಡಿ. ಅದು ಹಿಂದಿನ 2–3 ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಔಷಧಿ ಚೀಟಿಯಲ್ಲಿ ಸ್ಟೀರಾಯ್ಡ್ ಇದೆಯೇ? ಅದೂ ಸಕ್ಕರೆ ಏರಿಸುತ್ತದೆ. ಜೋಳದ ರೊಟ್ಟಿ ಸೇರುತ್ತಿಲ್ಲವೆಂದು ಗ್ಲೂಕೋಸ್ ಪುಡಿ ಕಲಸಿ ಕುಡಿಸುವ ನಮ್ಮ ಕಡೆಯ ಅಕ್ಕರೆಗೂ ಇದರಲ್ಲಿ ಪಾಲಿರಬಹುದು. ಊಟ ಕಡಿಮೆಯಾಯಿತೆಂದು ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ವಾಂತಿ, ಏದುಸಿರು, ಮಂಪರು ಕಂಡರೆ ಕಾಯದೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ದು ಕೀಟೋನ್ (ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಪರೀಕ್ಷೆ ಮಾಡಿಸಿ.