ಮಳೆಯ ರಾತ್ರಿ, ಟೆಂಟಿನಲ್ಲಿ ಮಕ್ಕಳು

ಪ್ರಶ್ನೆ: ಕಳೆದ ದಸರಾ ರಜೆಯಲ್ಲಿ ನಾನು, ನನ್ನ ಪತಿ, 7 ವರ್ಷದ ಮಗ ಮತ್ತು 3 ವರ್ಷದ ಮಗಳು ಸಕಲೇಶಪುರದ ಕಡೆ ಪರಿಚಿತರೊಬ್ಬರ ಕಾಫಿ ತೋಟದಲ್ಲಿ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಇರಲೆಂದು ಹೋಗಿದ್ದೆವು. ಮಳೆಗಾಲ ಮುಗಿಯಿತೆಂಬ ಧೈರ್ಯವಿತ್ತು. ಮೊದಲ ದಿನ ಸಂಜೆಯೇ ಗುಡುಗು ಕೇಳಿಸಿತಾದರೂ, ಅಷ್ಟು ದೂರ ಬಂದು ಹಿಂದಿರುಗುವುದೇ ಎಂದು ಅಲ್ಲಿಯೇ ಉಳಿದೆವು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಹಾಸಿಗೆಯ ಅಡಿಯಿಂದ ನೀರು ಬಂದು ಮಕ್ಕಳಿಬ್ಬರೂ ತೊಯ್ದುಹೋದರು. ಮಗಳು ಮೊದಲು ಗಡಗಡ ನಡುಗಿದಳು. ಆಮೇಲೆ ನಡುಕ ನಿಂತು ತೂಕಡಿಸತೊಡಗಿದಳು. ನಿದ್ದೆ ಬಂತೆಂದು ನಾನು ಸಮಾಧಾನಪಟ್ಟೆ. ಪತಿ ಇದ್ದಿಲ ಒಲೆಯನ್ನು ಟೆಂಟಿನೊಳಗೆ ಹಚ್ಚಲು ನೋಡಿದರು, ಇದ್ದಿಲೂ ನೆನೆದಿದ್ದರಿಂದ ಅದು ಹೊತ್ತಲಿಲ್ಲ. ಕೊನೆಗೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು ಟಾರ್ಚ್ ಹಿಡಿದು ಬಂದು ನಮ್ಮನ್ನು ಅವರ ಮನೆಗೆ ಕರೆದೊಯ್ದರು. ಅವರ ಹೆಂಡತಿ ಮಗಳ ಒದ್ದೆ ಬಟ್ಟೆಯನ್ನೆಲ್ಲ ಬಿಚ್ಚಿ, ಕಂಬಳಿಯೊಳಗೆ ಎದೆಗವಚಿಕೊಂಡು ಬೆಳಗಿನವರೆಗೂ ಕುಳಿತಿದ್ದರು. ಮಗಳು ಚೇತರಿಸಿಕೊಂಡಳು. ಮಗನ ಕಾಲಿಗೆ ಇಂಬಳ (ನೆಲದ ಜಿಗಣೆ) ಕಚ್ಚಿದ ಜಾಗದಿಂದ ಮಧ್ಯಾಹ್ನದವರೆಗೂ ರಕ್ತ ಒಸರುತ್ತಿತ್ತು. ಈಗ ಮಳೆ ಬಂದರೆ ಅವನು ಮಲಗುವುದಿಲ್ಲ. ಮಕ್ಕಳನ್ನು ಕರೆದೊಯ್ದದ್ದೇ ತಪ್ಪೆಂದು ಅತ್ತೆಯವರು ಹೇಳುತ್ತಾರೆ. ಇನ್ನು ಟೆಂಟಿನ ಮಾತೇ ಬೇಡವೆಂದು ಪತಿ ಹೇಳುತ್ತಾರೆ. ನಾವು ತಪ್ಪಿದ್ದೆಲ್ಲಿ? ಮತ್ತೆ ಹೋಗಬಹುದೇ?

— ಒಬ್ಬ ತಾಯಿ, ಬೆಂಗಳೂರು

ಉತ್ತರ: ನಡುಕ ನಿಂತಿತು ಎಂಬ ನಿಮ್ಮ ಮಾತನ್ನು ಓದಿ ನನ್ನ ಎದೆ ಝಲ್ಲೆಂದಿತು. ನಡುಗುವುದು ದೇಹ ತನ್ನನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಮಾಡುವ ಪ್ರಯತ್ನ. ಒದ್ದೆಯಾದ ಮಗು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿ ಮಂಕಾದರೆ, ದೇಹ ಸೋಲುತ್ತಿದೆ ಎಂದು ತಿಳಿಯಬೇಕು. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಈ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹಿಮಾಲಯಕ್ಕೇ ಹೋಗಬೇಕೆಂದಿಲ್ಲ, ಒದ್ದೆ ಬಟ್ಟೆ ಮತ್ತು ಬೀಸುವ ಗಾಳಿ ಸಾಕು. ಚಿಕ್ಕ ಮಕ್ಕಳಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಾದ್ದರಿಂದ ಅವರು ನಮಗಿಂತ ಬೇಗ ಶಾಖ ಕಳೆದುಕೊಳ್ಳುತ್ತಾರೆ. ರೈಟರ ಹೆಂಡತಿ ಮಾಡಿದ್ದು ಅಕ್ಷರಶಃ ಸರಿಯಾದ ಚಿಕಿತ್ಸೆ. ಮಗು ಪೂರ್ಣ ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಹಾಲನ್ನೂ ಕೊಡಬಹುದು. ಕೈಕಾಲು ಉಜ್ಜುವುದಾಗಲಿ ಬಿಸಿನೀರಿನಲ್ಲಿ ಇಳಿಸುವುದಾಗಲಿ ಕೂಡದು. ಮಂಕಾದ ಮಗುವನ್ನು ಬೆಚ್ಚಗಿಡುತ್ತಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು.

ಇದ್ದಿಲು ನೆನೆದಿದ್ದು ನಿಮ್ಮ ಪುಣ್ಯ. ಮುಚ್ಚಿದ ಟೆಂಟಿನಲ್ಲಿ ಇದ್ದಿಲು ಉರಿದರೆ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡುತ್ತಾರೆ. ಗ್ಯಾಸ್ ಸ್ಟೌವನ್ನೂ ಒಳಗೆ ಹಚ್ಚಬಾರದು. ಇದನ್ನು ನಿಮ್ಮ ಪತಿಯವರಿಗೆ ದಯವಿಟ್ಟು ಓದಿ ಹೇಳಿ.

ಟೆಂಟು ಹರಿಯದಿದ್ದರೂ ಅಡಿಯಿಂದ ನೀರು ಬಂದದ್ದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಸಮತಟ್ಟಾಗಿ ಕಂಡ ಜಾಗ ನಿಜವಾಗಿ ತಗ್ಗಾಗಿರುತ್ತದೆ. ಇಲ್ಲವೇ ಕೆಳಗೆ ಹಾಸಿದ ಟಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಟೆಂಟಿನ ಇಳಿಜಾರಿನಿಂದ ಜಾರುವ ನೀರೆಲ್ಲ ಆ ಅಂಚಿನ ಮೇಲೆ ಬಿದ್ದು, ಟಾರ್ಪಾಲಿಗೂ ಟೆಂಟಿನ ತಳಕ್ಕೂ ನಡುವೆ ಹರಿದು, ಮಲಗಿದವರ ಭಾರಕ್ಕೆ ಒತ್ತಿ ಮೇಲೆ ಜಿನುಗುತ್ತದೆ. ಟಾರ್ಪಾಲನ್ನು ಸುತ್ತಲೂ ನಾಲ್ಕು ಬೆರಳಿನಷ್ಟು ಒಳಕ್ಕೆ ಮಡಚಿದ್ದರೆ ಇದನ್ನು ತಡೆಯಬಹುದು.

ಆದರೆ ನೀವು ನಿಜವಾಗಿ ತಪ್ಪಿದ್ದು ಸಂಜೆ, ಗುಡುಗು ಕೇಳಿಸಿದಾಗ. ದಸರಾ ಬಂತೆಂದರೆ ಮಳೆ ಮುಗಿಯಿತೆಂದಲ್ಲ. ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಆಸುಪಾಸಿನಲ್ಲೇ ಇರುತ್ತವೆ ಮತ್ತು ಅವು ಹೆಚ್ಚಾಗಿ ಇಳಿಹೊತ್ತಿನಲ್ಲಿ ಗುಡುಗು ಸಿಡಿಲಿನೊಂದಿಗೆ ಬರುತ್ತವೆ. ಬಟ್ಟೆಯ ಟೆಂಟು ಸಿಡಿಲಿನಿಂದ ಕಾಪಾಡುವುದಿಲ್ಲ, ಗುಡುಗು ಕೇಳಿದೊಡನೆ ಕಾರಿನೊಳಗೆ ಅಥವಾ ಪಕ್ಕಾ ಮನೆಗೆ ಹೋಗಬೇಕು. ಅಷ್ಟು ದೂರ ಬಂದಿದ್ದೇವೆ ಎಂಬ ಭಾವನೆ ದೊಡ್ಡವರ ವಿವೇಕವನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಯಾವ ಲಕ್ಷಣ ಕಂಡರೆ, ಎಷ್ಟು ಗಂಟೆಯೊಳಗೆ ಹಿಂದಿರುಗಬೇಕೆಂಬುದನ್ನು ಮನೆಯಲ್ಲಿರುವಾಗಲೇ ನಿರ್ಧರಿಸಿ, ಅದನ್ನು ಅಲ್ಲಿ ಚರ್ಚೆಗೆ ತರಕೂಡದು. ಅತ್ತೆಯವರ ಆತಂಕವನ್ನು ನಾನು ಗೌರವಿಸುತ್ತೇನೆ, ಆದರೆ ಕರೆದೊಯ್ದದ್ದು ತಪ್ಪಲ್ಲ.

ಇಂಬಳದ ವಿಷಯದಲ್ಲಿ ಗಾಬರಿ ಬೇಡ. ಅದರ ಜೊಲ್ಲಿನಲ್ಲಿರುವ ಒಂದು ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಂಟೆಗಟ್ಟಲೆ ಒಸರುತ್ತದೆ. ಸೋಪು ನೀರಿನಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಮಳೆಯ ಸಹವಾಸವೇ ಬೇಡವೆಂದು ಬೇಸಿಗೆಯಲ್ಲಿ ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚನ್ನು ಆರಿಸಿಕೊಳ್ಳುವವರಿಗೆ ಉಣುಗಿನ ಭಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಅದೂ ಹೆಚ್ಚಾಗಿ ಒಣ ತಿಂಗಳುಗಳಲ್ಲಿ. ಅಲ್ಲಿಂದ ಬಂದ ಮೇಲೆ ಮಗುವಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ನಿಮ್ಮ ಮಗನಿಗೆ "ಏನೂ ಆಗಲಿಲ್ಲವಲ್ಲ" ಎಂದು ಹೇಳಬೇಡಿ. ಆಗಿದೆಯೆಂದು ಅವನಿಗೆ ಗೊತ್ತು. ತಂಗಿಯ ಸ್ಥಿತಿಯನ್ನೂ ನಿಮ್ಮ ಮುಖದ ಗಾಬರಿಯನ್ನೂ ಅವನು ಕಂಡಿದ್ದಾನೆ. ಆ ರಾತ್ರಿಯ ಕಥೆಯನ್ನು ಅವನೇ ಹೇಳಲಿ, ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳಿ. ಹಾಲ್‌ನಲ್ಲಿ ಹಳೆಯ ಸೀರೆ ಕಟ್ಟಿ ಗುಡಾರ ಮಾಡಿ, ಮಳೆಯ ದಿನ ಅದರೊಳಗೆ ಅವನ ಜೊತೆ ಕುಳಿತುಕೊಳ್ಳಿ. ತಿಂಗಳು ಕಳೆದರೂ ನಿದ್ದೆ ಸರಿಹೋಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ನಿಮ್ಮ ಊರಿನಲ್ಲಿಯೇ ಇರುವ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ಮತ್ತೆ ಹೋಗಬಹುದು, ಆದರೆ ಅವಸರ ಬೇಡ. ಮೊದಲು ಮಂಚ, ಶೌಚಾಲಯವಿರುವ ಕಾಯಂ ಟೆಂಟುಗಳ ಶಿಬಿರದಲ್ಲಿ ಒಂದೇ ಒಂದು ರಾತ್ರಿ ಇದ್ದು ಬನ್ನಿ. ಕಾವೇರಿ ದಂಡೆಯ ಗಾಳಿಬೋರೆಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯದು ಅಂಥದ್ದೊಂದಿದೆ. ಅದಕ್ಕೂ ಮುಂಚೆ, ಬಿಸಿಲಿನ ಒಂದು ಭಾನುವಾರ ಮಗನನ್ನು ಸಕಲೇಶಪುರದ ಅದೇ ತೋಟಕ್ಕೆ ಕರೆದುಕೊಂಡು ಹೋಗಿ, ಟೆಂಟ್ ಹಾಕಿದ್ದ ಜಾಗವನ್ನು ಹಗಲಿನಲ್ಲಿ ತೋರಿಸಿ. ರೈಟರ ಮನೆಗೂ ಹೋಗಿ, ಅವರ ಹೆಂಡತಿಯ ಮಡಿಲಿನಲ್ಲಿ ನಿಮ್ಮ ಮಗಳು ಇನ್ನೊಮ್ಮೆ ಕುಳಿತುಕೊಳ್ಳಲಿ.