ಚರ್ಚ್ ಶಾಲೆಯ ಭಾಷೆ ಮತ್ತು ಮೇಷ್ಟರ ಸಂಬಳ

ಜುವಾರಿನಗರದ ಅಕ್ಕಾವರಿಗೆ ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇದೆ, ಮುಖ್ಯ ಪ್ರಶ್ನೆ ಒಂದೇ. ಗದಗ ಕಡೆಯಿಂದ ಬಂದು ವಾಸ್ಕೋದಲ್ಲಿ ನೆಲೆ ನಿಂತವರು ನೀವು. ತೊಂಬತ್ತರ ದಶಕದಲ್ಲಿ ಮಗಳನ್ನು ಚರ್ಚ್ ಶಾಲೆಗೆ ಹಾಕಿದಿರಿ. ‘ಇಂಗ್ಲಿಷ್ ಬರಲಿ ಅಂತ ಸೇರಿಸಿದರೆ ಅವಳು ಕೊಂಕಣಿ ತಿದ್ದುತ್ತಾ ಕೂತಳು’ ಎಂದು ಬರೆದಿದ್ದೀರಿ. ಈಗ ಮೊಮ್ಮಗನನ್ನು ಸೇರಿಸಲು ಹೋದರೆ ಅದೇ ಶಾಲೆಯಲ್ಲಿ ಇಂಗ್ಲಿಷ್. ಅವರಿಗೆ ತಮ್ಮ ಭಾಷೆ ಯಾವುದು ಅಂತಲೇ ಗೊತ್ತಿಲ್ವಾ ಅಂತ ಕೇಳಿದ್ದೀರಿ.

ಚೆನ್ನಾಗಿ ಗೊತ್ತಿದೆ ಅಕ್ಕಾ. ಆದರೆ ಗೋವಾದಲ್ಲಿ ಶಾಲೆಯ ಭಾಷೆಯನ್ನು ಬಹಳ ಸಲ ತೀರ್ಮಾನಿಸಿದ್ದು ಮೇಷ್ಟರ ಸಂಬಳ.

ಪೋರ್ಚುಗೀಸರ ಕಾಲದಲ್ಲಿ ಊರಿನ ಚರ್ಚಿನ ಪಕ್ಕದಲ್ಲೇ ಒಂದು ಪುಟ್ಟ ಶಾಲೆ ಇರುತ್ತಿತ್ತು. ಪಾಠ ಹೇಳುವವನು ಮೆಸ್ತ್ರಿ. ಚರ್ಚಿನ ಗಾಯಕರ ಮುಂದಾಳೂ ಅವನೇ. ಖರ್ಚು ಚರ್ಚಿನದು, ಹಾಗಾಗಿ ಚರ್ಚಿಗೆ ಬೇಕಾದ ಪಾಠ: ಪ್ರಾರ್ಥನೆ, ದೊತೊರ್ನ್ ಅಂದರೆ ಧರ್ಮಪಾಠ, ಒಂದಿಷ್ಟು ಓದು ಬರಹ, ಮತ್ತೆ ಸಂಗೀತ. ಅಕ್ಷರ ನೆಟ್ಟಗೆ ಬಾರದ ಹುಡುಗನೂ ಸ್ವರ ನೋಡಿ ಹಾಡುತ್ತಿದ್ದ, ಪಿಟೀಲು ಹಿಡಿಯುತ್ತಿದ್ದ. ಭಾನುವಾರದ ಪೂಜೆಗೆ ಹಾಡುವವರು ಸಿಕ್ಕರೆ ಸಾಕು ಅಂತ ಶುರುವಾದದ್ದು ಕೊನೆಗೆ ಎಲ್ಲಿ ಮುಟ್ಟಿತು ನೋಡಿ. ಮುಂಬೈನ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗೋವಾದವರದ್ದೇ ಕೈ. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರ ತಂದೆ ಚರ್ಚಿನ ಗಾಯಕರನ್ನು ನಡೆಸುತ್ತಿದ್ದವರು. ಮಗ ಮುಂಬೈಗೆ ಹೋಗಿ ಪಿಟೀಲು ಕಲಿಸಿದ್ದು ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ.

ಆಮೇಲೆ ಇಂಗ್ಲಿಷ್ ಬಂತು. ಅದನ್ನು ತಂದವರು ಗೋವಾ ಆಳಿದವರಲ್ಲ, ಹೊಟ್ಟೆಪಾಡಿಗೆ ಮುಂಬೈಗೆ ಹೋದವರು. ಇಲ್ಲಿ ಕೆಲಸ ಕಮ್ಮಿ. ಗಂಡಸರು ಹಡಗಿನಲ್ಲಿ ಅಡುಗೆಗೆ, ಬ್ಯಾಂಡಿಗೆ, ಆಫೀಸುಗಳಿಗೆ ಹೊರಟರು. ಮುಂಬೈನ ಕೂಡ್‌ಗಳಲ್ಲಿ, ಅಂದರೆ ಊರಿನವರೇ ಸೇರಿ ನಡೆಸುವ ವಸತಿಗಳಲ್ಲಿ ಉಳಿದರು. ಅಲ್ಲಿ ಪೋರ್ಚುಗೀಸ್ ಕಟ್ಟಿಕೊಂಡು ಏನು ಮಾಡುವುದು? ಅದಕ್ಕೇ 1887ರಷ್ಟು ಹಿಂದೆಯೇ, ಪೋರ್ಚುಗೀಸ್ ಆಳ್ವಿಕೆಯ ನಡುವೆಯೇ, ಆರ್ಪೋರಾದಲ್ಲಿ ಸೇಂಟ್ ಜೋಸೆಫ್ ಇಂಗ್ಲಿಷ್ ಶಾಲೆ ಶುರುವಾಯಿತು.

1961ರಲ್ಲಿ ಗೋವಾ ಸ್ವತಂತ್ರವಾಯಿತು. ಮೊದಲ ಮುಖ್ಯಮಂತ್ರಿ ಬಾಂದೋಡ್ಕರ್ ಸರ್ಕಾರ ಹಳ್ಳಿಹಳ್ಳಿಗೆ ಮರಾಠಿ ಪ್ರಾಥಮಿಕ ಶಾಲೆ ಕೊಟ್ಟಿತು. ಕ್ಯಾಥೊಲಿಕ್ ಮನೆಗಳು ಹೆಚ್ಚಾಗಿ ಇಂಗ್ಲಿಷ್ ಕಡೆ ಹೋದವು.

ನಿಮ್ಮ ಮಗಳ ಕಥೆ ಇಲ್ಲಿಂದ. 1987ರಲ್ಲಿ ದೇವನಾಗರಿ ಲಿಪಿಯ ಕೊಂಕಣಿ ಆಡಳಿತ ಭಾಷೆಯಾಯಿತು. 1990ರಲ್ಲಿ ಸರ್ಕಾರ ಹೇಳಿತು: ಪ್ರಾಥಮಿಕ ಹಂತದಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಕಲಿಸಿದರೆ ಮಾತ್ರ ಅನುದಾನ. ಧರ್ಮಪ್ರಾಂತ್ಯದ, ಅಂದರೆ ಬಿಷಪ್ಪರ ಆಡಳಿತದ ಚರ್ಚ್ ಶಾಲೆಗಳ ಫೀಸು ಕಮ್ಮಿ, ಟೀಚರ್‌ಗಳ ಸಂಬಳ ಬರುವುದೇ ಅನುದಾನದಿಂದ. ಸರಿ, ಕೊಂಕಣಿಗೆ ತಿರುಗಿದವು. ತಮಾಷೆ ಅಂದರೆ ಗೋವಾದ ಕ್ಯಾಥೊಲಿಕರು ತಲೆಮಾರುಗಳಿಂದ ಕೊಂಕಣಿ ಓದಿದ್ದು ರೋಮನ್ ಲಿಪಿಯಲ್ಲಿ. ಪ್ರಾರ್ಥನೆ ಪುಸ್ತಕ, ತಿಯಾತ್ರ್ ನಾಟಕ ಎಲ್ಲ ಅದರಲ್ಲೇ. ಮಗು ಚರ್ಚಿನಲ್ಲಿ ಒಂದು ಲಿಪಿ ನೋಡಿ, ಶಾಲೆಯಲ್ಲಿ ಇನ್ನೊಂದು ಬರೆಯಬೇಕು. (ಅದೇ ಕೊಂಕಣಿಯನ್ನು ಮಂಗಳೂರಿನ ಕ್ಯಾಥೊಲಿಕರು ನಮ್ಮ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ‘ರಾಕ್ಣೊ’ ಪತ್ರಿಕೆ 1938ರಿಂದ ಹಾಗೇ ಬಂದಿದೆ.) ನಿಮ್ಮ ಮಗಳ ಕಷ್ಟ ಪಕ್ಕದ ಬೆಂಚಿನ ಕ್ಯಾಥೊಲಿಕ್ ಹುಡುಗಿಗೂ ಇತ್ತು ಅನ್ನುವುದು ನಿಮಗೆ ಸಮಾಧಾನವೋ ಅಲ್ಲವೋ, ನಾನರಿಯೆ.

2011ರಲ್ಲಿ ದಿಗಂಬರ ಕಾಮತ್ ಸರ್ಕಾರ ಇಂಗ್ಲಿಷ್ ಪ್ರಾಥಮಿಕ ಶಾಲೆಗಳಿಗೂ ಅನುದಾನ ಅಂದಿತು. ಚರ್ಚ್ ಶಾಲೆಗಳು ಮತ್ತೆ ಇಂಗ್ಲಿಷ್‌ಗೆ ತಿರುಗಿದವು. ಭಾಷಾ ಚಳವಳಿಯವರು ಬೀದಿಗಿಳಿದರು. ಮರುವರ್ಷ ಬಂದ ಬಿಜೆಪಿಯ ಪರ್ರೀಕರ್ ಸರ್ಕಾರವೂ ಚರ್ಚ್ ಶಾಲೆಗಳ ಅನುದಾನ ನಿಲ್ಲಿಸಲಿಲ್ಲ. ಆ ಜಗಳ ಎಷ್ಟು ಬಿರುಸಾಯಿತೆಂದರೆ, 2016ರಲ್ಲಿ ಆ ಸರ್ಕಾರದ ವಿರುದ್ಧ ನಿಂತ ಗೋವಾದ ಆರೆಸ್ಸೆಸ್ ಮುಖ್ಯಸ್ಥ ಸುಭಾಷ್ ವೆಲಿಂಗ್ಕರ್ ಅವರ ಹುದ್ದೆಯೇ ಹೋಯಿತು.

ನಮ್ಮ ಕರ್ನಾಟಕದ್ದು ನಿಮಗೆ ನೆನಪಿರಬೇಕು. 1994ರ ಆದೇಶ ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡ ಅಂದಿತು, ಅನುದಾನ ಪಡೆಯದ ಶಾಲೆಗೂ. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗೋವಾ ಹಾಗೆ ಕಡ್ಡಾಯ ಮಾಡದೆ ಹಣದ ಚೀಲ ಹಿಡಿದು ಕೂತಿತು. ನನ್ನನ್ನು ಕೇಳಿದರೆ ಅದೇ ಜಾಸ್ತಿ ಬಿಗಿ. ಫೀಸು ಹೆಚ್ಚಿಸಿ ಇಂಗ್ಲಿಷ್ ಉಳಿಸಿಕೊಂಡಿದ್ದರೆ ನಿಮ್ಮಂಥ ಮನೆಯ ಮಕ್ಕಳು ಆ ಗೇಟು ದಾಟುತ್ತಿರಲಿಲ್ಲ. ಕೊಂಕಣಿಗೆ ಒಪ್ಪಿದ್ದರಿಂದಲೇ ನಿಮ್ಮ ಮಗಳಿಗೆ ಆ ಬೆಂಚು ಸಿಕ್ಕಿತು. ಇದನ್ನು ಆ ಶಾಲೆಗಳ ಲೆಕ್ಕದಲ್ಲಿ ಬರೆದುಕೊಳ್ಳಲೇಬೇಕು.

ದೊತೊರ್ನ್‌ಗೆ ಕೂರಿಸುತ್ತಾರಾ ಅನ್ನುವ ಭಯಕ್ಕೆ: ಸಾಮಾನ್ಯವಾಗಿ ಆ ಪೀರಿಯಡ್ಡಿನಲ್ಲಿ ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಉಳಿದವರು ನೀತಿಪಾಠಕ್ಕೆ. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಸಾಲಲ್ಲಿ ನಿಲ್ಲುತ್ತಾರೆ. ಮಧ್ಯೆ ಬಿಡುವಿನಲ್ಲಿ ಮಹಿಳಾ ಸಂಘದವರು ತರುವ ಬಾಜಿ-ಪಾವ್ ಎಲ್ಲರಿಗೂ ಒಂದೇ. ಏನಿದ್ದರೂ ಟೀಚರ್ ಹತ್ತಿರ ನೇರವಾಗಿ ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊಮ್ಮಗನನ್ನು ಸೇರಿಸಿ. ನಡೆದು ಹೋಗುವಷ್ಟು ಹತ್ತಿರ ಇದೆ, ತಾಯಿ ಕಲಿತ ಶಾಲೆ, ಇನ್ನೇನು ಬೇಕು? ಕನ್ನಡ ಓದು ಬರಹವನ್ನು ಮಾತ್ರ ಮನೆಯಲ್ಲೇ ಕಲಿಸಬೇಕು, ಮತ್ತು ಅದು ಅಜ್ಜಿಯ ಪಾಲಿಗೇ ಬರುವ ಹಾಗಿದೆ. ನಮ್ಮ ಮಕ್ಕಳ ಪುಟದ ಅಕ್ಷರ ಸಣ್ಣದಾಯಿತು ಅಂತ ಪತ್ರದ ಕೊನೆಗೆ ಬೈದಿದ್ದೀರಲ್ಲ, ಮುಂದಿನ ಸಂಚಿಕೆಯಿಂದ ದೊಡ್ಡದು ಮಾಡಿಸುತ್ತೇನೆ.

- ಸಂಪಾದಕ