ಮೇ ತಿಂಗಳ ಬಾವಿ, ಜುಲೈ ತಿಂಗಳ ಅಂಗಳ
ಓದುಗರ ಪ್ರಶ್ನೆಗಳಿಗೆ ಉತ್ತರ: ನಿವೃತ್ತಿಯ ಬಳಿಕ ಹಳ್ಳಿಮನೆ

ಪ್ರಶ್ನೆ: ಮುಂಬೈಯಲ್ಲಿ ಬ್ಯಾಂಕ್ ಉದ್ಯೋಗಿ, ಬರುವ ಮಾರ್ಚ್‌ಗೆ ನಿವೃತ್ತಿ. ಹೆಬ್ರಿ ಹತ್ತಿರ 125 ಸೆಂಟ್ಸ್ ಜಾಗ ನೋಡಿದ್ದೇವೆ. ಹಂಚಿನ ಮನೆ, 400 ಅಡಿಕೆ ಮರ, ಆರಡಿ ಅಗಲದ ಬಾವಿ. ದಸರಾ ರಜೆಯಲ್ಲಿ ಹೋದಾಗ ಬಾವಿ ತುಂಬಿತ್ತು. ಮುಂಗಡ ಕೊಡಬಹುದೇ?

ಉತ್ತರ: ಈಗಲೇ ಬೇಡ. ದಸರಾಕ್ಕೆ ನಮ್ಮ ಕಡೆ ಯಾವ ಬಾವಿ ತುಂಬಿರುವುದಿಲ್ಲ ಹೇಳಿ? ವರ್ಷಕ್ಕೆ ಹೆಚ್ಚುಕಡಿಮೆ 4000 ಮಿ.ಮೀ. ಮಳೆ ಬಂದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲ ನೀರನ್ನು ಬೇಗ ಕುಡಿದು ಅಷ್ಟೇ ಬೇಗ ತಗ್ಗಿಗೆ ಬಿಟ್ಟುಕೊಡುತ್ತದೆ. ಬಾವಿಯ ನಿಜ ತಿಳಿಯುವುದು ಮೇ ಮೊದಲ ವಾರದಲ್ಲಿ.

ಲೆಕ್ಕ ಸುಲಭ. ಆರಡಿ ವ್ಯಾಸದ ಬಾವಿಯಲ್ಲಿ ಒಂದಡಿ ನೀರೆಂದರೆ 800 ಲೀಟರ್. ಹನಿ ನೀರಾವರಿಯಲ್ಲೂ ಬೇಸಿಗೆಗೆ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 400 ಮರಕ್ಕೆ 8000 ಲೀಟರ್, ಮನೆಗೆ 600 ಸೇರಿಸಿ. ಅಂದರೆ ದಿನಾ ಸುಮಾರು 11 ಅಡಿ ನೀರು ಮತ್ತೆ ಊರಬೇಕು. ಬೆಳಗ್ಗೆ ಪಂಪ್ ಹಾಕಿ ನೀರು ತಳಕ್ಕೆ ಇಳಿಯುವವರೆಗೆ ಎತ್ತಿಸಿ. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಯಿರಿ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಏರಿದ್ದು ನಾಲ್ಕೇ ಅಡಿಯಾದರೆ ಆ ಬಾವಿ ಮನೆಗೂ 130 ಮರಕ್ಕೂ ಸಾಕು, ಅಷ್ಟೇ. ಉಳಿದ ಮರಗಳಿಗೆ ಬೋರ್‌ವೆಲ್ ಎಂಬ ಜೂಜು, ಇಲ್ಲವೇ ಬೆಲೆಯಲ್ಲಿ ಕಡಿತ. ಮಾರುವವರು ಹೀಗೆ ಅಳೆಯಲು ಒಪ್ಪದಿದ್ದರೆ ಅದನ್ನೇ ಉತ್ತರ ಎಂದುಕೊಳ್ಳಿ.

ಕಾಗದಪತ್ರದಲ್ಲಿ ಮೊದಲು ನೋಡಬೇಕಾದ್ದು 125 ಸೆಂಟ್ಸ್‌ನಲ್ಲಿ ವರ್ಗ (ಪಟ್ಟಾ ಜಾಗ) ಎಷ್ಟು, ಕುಮ್ಕಿ ಎಷ್ಟು ಎಂಬುದು. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಮುಂಬೈಯವರು ಎಡವುವುದು ಇಲ್ಲಿಯೇ. ಬೇಲಿ ಒಂದೇ, ತೋಟ ಒಂದೇ, ಆದರೆ ಪಹಣಿಯಲ್ಲಿ 80 ಸೆಂಟ್ಸ್ ಮಾತ್ರ ಇರುತ್ತದೆ. ಕುಮ್ಕಿ ಸರಕಾರದ ಜಾಗ. ಸೊಪ್ಪು, ಕಟ್ಟಿಗೆ, ಮೇವಿನ ಸವಲತ್ತು ವರ್ಗದಾರರಿಗಿದೆ, ಮಾರುವ ಹಕ್ಕಿಲ್ಲ. ಬಾವಿಯೋ ಮನೆಯೋ ಕುಮ್ಕಿಯಲ್ಲಿದ್ದರೆ ಕಥೆ ಬೇರೆಯೇ. ಸರ್ವೇಯರ್ ಕರೆದು ಗಡಿಕಲ್ಲು ನೋಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11-ಇ ನಕ್ಷೆ (ಆ ಭಾಗವನ್ನು ಬೇರೆಯಾಗಿ ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು. 30 ವರ್ಷದ ಋಣಭಾರ ಪತ್ರ ತೆಗೆಸಿ. ಪರಿಶಿಷ್ಟರಿಗೆ ಮಂಜೂರಾದ ಜಾಗವಾದರೆ ಸರಕಾರದ ಪೂರ್ವಾನುಮತಿ ಇಲ್ಲದ ಕ್ರಯಪತ್ರ ನಿಲ್ಲುವುದಿಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ತಡೆ 2020ರ ತಿದ್ದುಪಡಿಯಲ್ಲಿ ಹೋಗಿದೆ, ಆ ಹೆದರಿಕೆ ಬೇಡ. ದಾರಿ ಮಾತ್ರ ಕ್ರಯಪತ್ರದಲ್ಲೇ ಬರೆದಿರಲಿ. "ಇಷ್ಟು ವರ್ಷ ಯಾರೂ ತಡೆದಿಲ್ಲ ಮಾರಾಯ್ರೆ" ಎಂಬ ಮಾತು ದಾಖಲೆಯಲ್ಲ.

ಪ್ರಶ್ನೆ: ಕಾಪು ಬಳಿ 1000 ಚದರಡಿಯ ಮನೆ. ಮಾಡಿನ ನೀರನ್ನು ಬಾವಿಗೆ ಬಿಟ್ಟರೆ ಬೇಸಿಗೆಯ ಬರ ತಪ್ಪುತ್ತದೆಯೇ?

ಉತ್ತರ: ಪೂರ್ತಿ ತಪ್ಪದು. ಸೋರಿ ಹೋಗುವುದನ್ನು ಕಳೆದರೂ ನಿಮ್ಮ ಮಾಡಿನಿಂದ ವರ್ಷಕ್ಕೆ ಮೂರು ಲಕ್ಷ ಲೀಟರ್ ಸಿಗುತ್ತದೆ. ಆದರೆ ಜುಲೈಯಲ್ಲಿ ಬಾವಿ ಹೇಗೂ ತುಂಬಿರುತ್ತದೆ, ಆಗ ಬಿಟ್ಟ ನೀರು ಮೇ ತನಕ ಕಾಯುವುದಿಲ್ಲ. ಉಪಯೋಗಕ್ಕೆ ಬರುವುದು ಅಕ್ಟೋಬರ್-ನವೆಂಬರಿನ ಮಳೆ, ಮತ್ತೆ ಮುಂಗಾರಿಗೆ ಮೊದಲು ಬೀಳುವ ಮಳೆ. ಬಾವಿಯ ಮೇಲ್ಬದಿಯ ಗುಡ್ಡದಲ್ಲಿ ಇಂಗುಗುಂಡಿ ತೋಡುವುದು ಇದಕ್ಕಿಂತ ಲಾಭದ ಕೆಲಸ.

ಆದರೂ ಮಾಡುವುದಾದರೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಸಾಕು. ತಳದಲ್ಲಿ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮರಳು, ತಲಾ ಅರ್ಧ ಅಡಿ. ನಡುನಡುವೆ ನೈಲಾನ್ ಬಲೆ. ಮೇಲೆ ಒಂದಡಿ ಖಾಲಿ ಇರಲಿ. ಮೊದಲ ಎರಡು ಮಳೆಯ ನೀರು ಹೊರಗೆ ಹೋಗುವಂತೆ ಡ್ರಮ್ಮಿಗೆ ಮೊದಲೇ ಒಂದು ವಾಲ್ವ್ ಇಡಿ. ಮರಳಿನ ಮೇಲೆ ಪಾಚಿ, ಎಲೆ ಕಟ್ಟಿ ನೀರು ಉಕ್ಕುವುದು ಸಾಮಾನ್ಯ, ತಿಂಗಳಿಗೊಮ್ಮೆ ಮೇಲಿನ ಎರಡಿಂಚು ಮರಳು ತೊಳೆಯಬೇಕು. ಪೈಪನ್ನು ಬಾವಿಯ ನಡುವಿಗೆ ಇಳಿಸಿ. ಮುರಕಲ್ಲಿನ ಅಡಿಯಲ್ಲಿ ಶೇಡಿಮಣ್ಣು (ಮೆತ್ತಗಿನ ಬಿಳಿ ಜೇಡಿಮಣ್ಣು) ಇದ್ದರೆ ಗೋಡೆಗೆ ಬಿದ್ದ ನೀರು ಅದನ್ನು ಕರಗಿಸಿ ಬಾವಿಯನ್ನೇ ಕುಸಿಸುತ್ತದೆ. ಸಿಮೆಂಟ್ ಶೀಟಿನ ಮಾಡಾದರೆ ಕುಡಿಯುವ ಬಾವಿಗೆ ಬಿಡಬೇಡಿ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡುವವರು ಸಿಗುವುದಿಲ್ಲ. ಸಿಕ್ಕವರು ಮದ್ದು ಸರಿಯಾಗಿ ಕಲಸುತ್ತಾರೋ ಗೊತ್ತಾಗುವುದಿಲ್ಲ. ಹೋದ ವರ್ಷ ಎರಡು ಸಲ ಬಿಟ್ಟರೂ ಕೊಳೆರೋಗ ಬಂತು.

ಉತ್ತರ: ಮರ ಹತ್ತುವ ಕೆಲಸ ಅವರದು, ಕಲಸುವಾಗ ನೀವು ಪಕ್ಕದಲ್ಲಿ ನಿಲ್ಲಿ. ಶೇ. 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಸುಣ್ಣವನ್ನು ಅದಕ್ಕೆ ಹೊಯ್ದರೆ ಮದ್ದು ಬೇಗ ತಳಕ್ಕೆ ಕೂರುತ್ತದೆ. ಮಸೆದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಹಾಕಿ. ಹಳೆಯ ಪುಡಿ ಸುಣ್ಣ ತಂದಾಗ ಹೀಗಾಗುತ್ತದೆ. ಕಲಸಿದ ದಿನವೇ ಬಿಟ್ಟು ಮುಗಿಸಿ. ಮೊದಲ ಸಲ ಮಳೆಗಾಲಕ್ಕೆ ಮುಂಚೆ, ಎರಡನೆಯದು 40-45 ದಿನದ ಮೇಲೆ. ಎರಡು ಸಲ ಬಿಟ್ಟೂ ರೋಗ ಬಂದವರಲ್ಲಿ ಹೆಚ್ಚಿನವರು ಮೊದಲನೆಯದನ್ನು ತಡಮಾಡಿದವರು. ಉದ್ದದ ದೋಟಿ ಇದ್ದರೆ ನೆಲದಲ್ಲೇ ನಿಂತು ಬಿಡಿಸಬಹುದು. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಅಡಿಕೆಯ ಸಂಶೋಧನೆ ನಡೆಯುತ್ತದೆ, ಕೊಳೆತ ಕಾಯಿ ಹಿಡಿದುಕೊಂಡೇ ಹೋಗಿ.

ಪ್ರಶ್ನೆ: ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಎಷ್ಟು ಸಿಗುತ್ತದೆ?

ಉತ್ತರ: ಒಬ್ಬರಿಗೆ ಗರಿಷ್ಠ 30 ಲಕ್ಷ, ಐದು ವರ್ಷಕ್ಕೆ. ಶೇ. 8.2ರ ದರದಲ್ಲಿ ಮೂರು ತಿಂಗಳಿಗೆ 61,500 ರೂಪಾಯಿ. ಈ ಹಣದಲ್ಲಿ ತೋಟದ ಕೂಲಿ ಕೊಡಬೇಡಿ, ತೋಟದ ಖರ್ಚನ್ನು ತೋಟವೇ ಹೊರಬೇಕು.

ಪ್ರಶ್ನೆ: ಅರವತ್ತೆರಡಾಯಿತು, ಯಕ್ಷಗಾನದ ಮರುಳು. ಪುತ್ತೂರು ಕಡೆ ಬಂದು ನೆಲೆಸುವ ಮೊದಲು ಏನು ಪರೀಕ್ಷೆ ಮಾಡಬೇಕು?

ಉತ್ತರ: ಯಕ್ಷಗಾನ ಮೇಳ, ಭೂತಾರಾಧನೆಯ ಕೋಲ, ನೇಮಗಳಿಗೆ ಪತ್ತನಾಜೆಯೇ (ತುಳುವರ ಬೇಶ ತಿಂಗಳ ಹತ್ತನೇ ದಿನ) ಗಡಿ. ಮೇ ಕೊನೆಗೆ ಗೆಜ್ಜೆ ಬಿಚ್ಚಿದ ಮೇಲೆ ಊರು ಮಳೆಯೊಳಗೆ ಸೇರಿಕೊಳ್ಳುತ್ತದೆ. ಮುಂದೆ ದೀಪಾವಳಿ ತನಕ ಹೇಗಿರುತ್ತೀರಿ ಎಂಬುದೇ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಡಿಗೆ ಮನೆ ಹಿಡಿದು ಇರಿ. ಕರೆಂಟು ಎರಡು ದಿನ ಹೋದಾಗ, ಬಟ್ಟೆ ಒಣಗದಾಗ, ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಕಾರು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಗಡಿಯಾರ ನೋಡಿದಾಗ ನಿಮಗೇ ತಿಳಿಯುತ್ತದೆ. ಅಂಗಳದ ಪಾಚಿ ಇನ್ನೊಂದು ವಿಷಯ. ಇಂಟರ್‌ಲಾಕ್ ಹಾಕಿದ ಅಂಗಳವೂ ಜುಲೈಯಲ್ಲಿ ಜಾರುತ್ತದೆ. ಬಚ್ಚಲಿಗೆ, ಬಾವಿಕಟ್ಟೆಗೆ ಹೋಗುವ ದಾರಿಯಲ್ಲಿ ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರ) ಒತ್ತಾಗಿ, ನಡೆಯುವ ದಿಕ್ಕಿಗೆ ಅಡ್ಡವಾಗಿ ಹಾಸಿ. ಉದ್ದಕ್ಕೆ ಹಾಸಿದರೆ ದಬ್ಬೆಯೇ ಜಾರಿಸುತ್ತದೆ.